ಗಿಡುಗದ ಬಾಣಂತನ

ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ದಿನ ನನ್ನನ್ನು ಮೊದಲು ಎದುರುಗೊಂಡದ್ದು ಅವ್ವನೂ ಅಲ್ಲ, ಅಪ್ಪನೂ ಅಲ್ಲ; ನಾತ. ಗಾಡಿ ಮನೆಯ ಮುಂದೆ ನಿಲ್ಲುವ ಮೊದಲೇ ಅದು ಮೂಗಿಗೆ ಬಡಿಯಿತು. ಸತ್ತ ಇಲಿಯ ನಾತ, ಒದ್ದೆ ಪುಕ್ಕದ ನಾತ, ಅದರ ಮೇಲೆ ಸುಣ್ಣ ಕದಡಿದಂಥ ಘಾಟು. ತುಂಬಿದ ಬಸುರಿಯ ಮೂಗು ಮೊದಲೇ ನಾಯಿಯ ಮೂಗು. ಸೆರಗಿನಿಂದ ಮೂಗು ಬಾಯಿ ಎರಡನ್ನೂ ಮುಚ್ಚಿಕೊಂಡು ಗಾಡಿಯಿಂದ ಇಳಿದೆ. ಕರೆತಂದ ಗಂಡ, "ಎಲ್ಲೋ ಇಲಿ ಸತ್ತಿರ್ಬೇಕು ಕಣಮ್ಮಿ" ಅಂದ. ಬರೀ ಒಂದು ಇಲಿಯಾಗಿದ್ದರೆ ನಾನು ಇವತ್ತಿಗೂ ಅದನ್ನು ನೆನೆದು ಮುಖ ಸಿಂಡರಿಸುತ್ತಿರಲಿಲ್ಲ.

ಗಂಡನ ಮನೆ ದೊಡ್ಡಗಾಜನೂರು. ತವರು ತಿಗನಾರೆಯ ಕಡೆ, ಕಾಡಿನ ಅಂಚಿಗೆ. ರಾಜ್ಯಗಳನ್ನು ಹಂಚಿದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಮದರಾಸಿನ ಪಾಲಿಗೇ ಉಳಿದೆವು ಎಂದು ಗಂಡಸರು ಜಗಲಿಯ ಮೇಲೆ ಕೂತು ಬಾಯಿ ನೋಯುವಷ್ಟು ಮಾತಾಡುತ್ತಿದ್ದ ವರ್ಷ ಅದು. ಆನೆಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಯಾವ ರಾಜ್ಯದ ರಾಗಿ ಎಂದು ಕೇಳದೆ ಅವು ತಿನ್ನುತ್ತಿದ್ದವು. ಹಂದಿ ಕಡಲೆಕಾಯಿ ತಿನ್ನುತ್ತಿತ್ತು, ಗಿಣಿ ಜೋಳ ತಿನ್ನುತ್ತಿತ್ತು, ಉಳಿದದ್ದನ್ನು ನಾವು ತಿನ್ನುತ್ತಿದ್ದೆವು. ಆದರೂ ಅಪ್ಪನಿಗೆ ಹೊಟ್ಟೆಬಟ್ಟೆಗೆ ಸಾಲುವಷ್ಟು ಹೊಲವಿತ್ತು, ಊರಿನಲ್ಲಿ ಮಾತಿಗೆ ಬೆಲೆಯಿತ್ತು.

ಆ ಮನೆಯಲ್ಲಿ ಒಂದು ಬಾಣಂತಿ ಕೋಣೆ ಇತ್ತು. ಹಿತ್ತಲ ಕಡೆಗೆ, ಬಚ್ಚಲಿಗೆ ಅಂಟಿಕೊಂಡಂತೆ. ಮೊಳ ದಪ್ಪದ ಮಣ್ಣಿನ ಗೋಡೆ, ನಾಡಹೆಂಚು, ಒಂದು ಸಣ್ಣ ಬೆಳಕಿಂಡಿ. ಬಾಣಂತಿ ಇಲ್ಲದ ಕಾಲದಲ್ಲಿ ಅದರೊಳಗೆ ಕುಂಬಳಕಾಯಿ, ಈರುಳ್ಳಿ ಇರುತ್ತಿದ್ದವು. ನಾನು ಹುಟ್ಟಿದ್ದು ಅದರಲ್ಲೇ. ನಡುಮನೆಯಲ್ಲಿ ದೇವರ ಗೂಡು, ಅಡುಗೆಮನೆಯಲ್ಲಿ ಒಲೆ. ಎರಡು ಕಡೆಯೂ ಹೆರಿಗೆ ಕೂಡದು. ಆ ಕೋಣೆ ಬಿಟ್ಟರೆ ಹೆರುವವಳಿಗೆ ಉಳಿಯುವುದು ಕೊಟ್ಟಿಗೆಯ ಪಕ್ಕಕ್ಕೆ ಇಳಿಸಿದ ಹುಲ್ಲಿನ ಮಾಡು. ನನ್ನ ಮದುವೆಯ ಹಿಂದಿನ ವರ್ಷ ನಮ್ಮ ಕೇರಿಯ ಒಬ್ಬಳು ಅಂಥದೇ ಮಾಡಿನಲ್ಲಿ ಹೆತ್ತಳು. ಕಾರ್ತಿಕದ ಮಳೆ, ಕೊರೆಯುವ ಗಾಳಿ. ಸನ್ನಿ ಹಿಡಿದು, ಹಲ್ಲು ಕಟಕಟಿಸಿ, ಹೆತ್ತ ಕೂಸಿನ ಗುರುತೂ ಸಿಗದೆ ಸತ್ತಳು. ಅವಳ ಕೈ ಹಿಡಿದುಕೊಂಡು ಕೂತಿದ್ದವಳು ನಾನು. ಆದ್ದರಿಂದ ನನಗೆ ತವರಿನಿಂದ ಸೀರೆ ಬೇಕಿರಲಿಲ್ಲ, ಬಳೆ ಬೇಕಿರಲಿಲ್ಲ. ಆ ಕೋಣೆ ಬೇಕಿತ್ತು. ಗಂಡನ ಮನೆಯಲ್ಲಿ ರಾಗಿ ಬೀಸುವಾಗೆಲ್ಲ ಆ ನಾಲ್ಕು ಗೋಡೆಗಳನ್ನು ನೆನೆಸಿಕೊಂಡು ಧೈರ್ಯ ತಂದುಕೊಳ್ಳುತ್ತಿದ್ದೆ.

ಹಿತ್ತಲಿಗೆ ಹೋಗಿ ನೋಡಿದರೆ ಆ ಕೋಣೆಗೆ ಒಂದರ ಮುಂದೆ ಒಂದು, ಎರಡು ಬಾಗಿಲು. ಅಪ್ಪ ಅವುಗಳ ಮುಂದೆ ನಿಂತಿದ್ದ. ಮಗಳನ್ನು ಕಂಡು ತಿಂಗಳುಗಳೇ ಆಗಿದ್ದವು. ತುಟಿಯ ಮೇಲೆ ಬೆರಳಿಟ್ಟು, "ಸದ್ದು ಮಾಡಬ್ಯಾಡ ಕಣವ್ವಾ, ಬೆದರ್ಕತದ" ಅಂದ.

"ಏನಪ್ಪಾ ಬೆದರ್ಕಳಾದು?"

"ಗಿಡ್ಗ."

ಉಳಿದ ಕಥೆಯನ್ನು ಅವ್ವ ಅಡುಗೆಮನೆಯಲ್ಲಿ ನನ್ನನ್ನು ಕಾಲು ಚಾಚಿ ಕೂರಿಸಿ ಹೇಳಿದಳು. ಅಪ್ಪ ಚಿಕ್ಕವನಾಗಿದ್ದಾಗ ಗಡಿಯಾಚೆಯ ಯಾರೋ ದೊಡ್ಡ ಮನುಷ್ಯರ ಬೇಟೆಗೆ ಪೊದೆ ಬಡಿಯುವ ಕೆಲಸಕ್ಕೆ ಹೋಗುತ್ತಿದ್ದನಂತೆ. ಅಲ್ಲಿ ಒಬ್ಬನ ಮುಂಗೈ ಮೇಲೆ ಗಿಡುಗ ಕೂತಿತ್ತಂತೆ. ಬಿಟ್ಟ ಕೂಡಲೇ ಹೋಗಿ ಕೌಜುಗವನ್ನು ಹಿಡಿದು, ಕೂಗಿದ ಕೂಡಲೇ ಕೈಗೆ ವಾಪಸು ಬಂತಂತೆ. ಆ ಹುಚ್ಚು ತಲೆ ನರೆತ ಮೇಲೆ ಹೊರಗೆ ಬಿತ್ತು. ತಾಳವಾಡಿ ಸಂತೆಗೆ ಬಂದಿದ್ದ ಹಕ್ಕಿ ಹಿಡಿಯುವವನಿಂದ ಅಪ್ಪ ಒಂದು ಗಿಡುಗ ತಂದ. ಕೋಳಿ ಮುಚ್ಚುವ ಮಂಕರಿಯ ಅಡಿಯಲ್ಲಿ ಅದನ್ನು ಕವುಚಿ ಹಾಕಿದ. ಬೆಳಗ್ಗೆ ಮಂಕರಿ ಎತ್ತಿದರೆ ಗೆಜ್ಜೆ ಕಟ್ಟಿದ ಎರಡು ಕಾಲು, ಒಂದು ಹಿಡಿ ಗರಿ. ಪುನುಗುಬೆಕ್ಕು ಮಂಕರಿಯ ಸಂದಿನಲ್ಲಿ ಕೈ ತೂರಿಸಿ ಎಳೆದೆಳೆದು ತಿಂದಿತ್ತು. ಅಪ್ಪ ಆ ದಿನ ಮುದ್ದೆ ಮುಟ್ಟಲಿಲ್ಲವಂತೆ. ಮುಂದಿನ ಸಂತೆಗೆ ಹೋಗಿ ಇನ್ನೊಂದು ತಂದ, ಹಕ್ಕಿ ಹಿಡಿಯುವವನನ್ನೂ ಜೊತೆಗೆ ಕರೆತಂದು ಜಗಲಿಯಲ್ಲಿ ಮಲಗಿಸಿಕೊಂಡ.

"ಅಂವ ಏಳ್ದ," ಎಂದಳು ಅವ್ವ. "ಕತ್ಲಲಿ ಇರ್ಬೇಕಂತ. ಗಾಳಿ ಬೀಸಬಾರ್ದಂತ. ಒಸಬ್ರು ಮೊಕ ತೋರ್ಬಾರ್ದಂತ. ಬಿಸಿಬಿಸಿದೇ ತಿನ್ನಿಸಬೇಕಂತ. ಅಷ್ಟು ಏಳಿದ್ದೇ ತಡ, ನಿಮ್ಮಪ್ಪ, ‘ಅಯ್, ಅಂತಾ ಕ್ವಾಣೆ ನಮ್ಮನೇಲೇ ಅದಲ್ಲಾ’ ಅಂದ್ರು ಕಣವ್ವಾ."

ಬೇರೆ ಸೀಮೆಯವರಾಗಿದ್ದರೆ ಆ ಮಾತಿಗೆ ಒಂದು ಗೋಣಿತಾಟು ಕಟ್ಟಿ ಕತ್ತಲೆ ಮಾಡಿಕೊಳ್ಳುತ್ತಿದ್ದರು. ನಮ್ಮ ಜನಕ್ಕೆ ಕತ್ತಲೆ, ಗಾಳಿ ಇಲ್ಲದಿರುವುದು, ಹೊಸ ಮುಖ ಬೇಡ, ಬಿಸಿ ಊಟ ಎಂದರೆ ಒಂದೇ ಅರ್ಥ: ಬಾಣಂತಿ. ಹಕ್ಕಿ ಹಿಡಿಯುವವನು ನಾಲ್ಕು ದಿನ ಇದ್ದು ಕೆಳನಾಡಿಗೆ ಇಳಿದುಹೋದ. ಅಪ್ಪ ಅವನು ಹೇಳಿದ್ದರ ಮೇಲೆ ತನಗೆ ಗೊತ್ತಿದ್ದದ್ದನ್ನೂ ಸೇರಿಸಿಕೊಂಡ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ, ಹೊಸ್ತಿಲ ಮೇಲೆ ಕುಡುಗೋಲು ಇಟ್ಟ, ಮೂಲೆಗೆ ಹಳೆಯ ಪೊರಕೆ ನಿಲ್ಲಿಸಿದ. ಮುಟ್ಟಾದವರು ಆ ಕಡೆ ಸುಳಿಯಬಾರದು. ಸಾವಿನ ಮನೆಗೆ ಹೋಗಿ ಬಂದವರ ನೆರಳು ಬೀಳಬಾರದು. ಸಂಜೆಯಾದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬಾಗಿಲಲ್ಲೇ ಒಲೆಗೆಂಡಕ್ಕೆ ಹಾಕುವುದು. ಆ ಘಾಟಿಗೆ ಒಳಗೆ ಗಿಡುಗ ಸೀನುತ್ತಿತ್ತು. ಹೊರಗೆ ಅಪ್ಪ, "ನೋಡು, ಎಷ್ಟು ದಿಷ್ಟಿ ಆಗಿತ್ತು" ಅನ್ನುತ್ತಿದ್ದ. ನಿವಾಳಿಸುವುದು ಅವ್ವನ ಕೆಲಸ. ಹೊಟ್ಟೆ ಹೊತ್ತು ಬಂದ ಮಗಳಿಗೆ ಯಾರೂ ನಿವಾಳಿಸಲಿಲ್ಲ ಎಂಬುದು ಅವಳಿಗೂ ಹೊಳೆಯಲಿಲ್ಲ.

ಕಟ್ಟುವುದರಲ್ಲಿ ಅಪ್ಪನನ್ನು ಮೀರಿಸುವವರಿರಲಿಲ್ಲ, ಅದನ್ನು ಹೇಳಲೇಬೇಕು. ಗೋಡೆಯ ಬುಡ ಅಗೆದು, ಹೆಗ್ಗಣ ಮುಂಗುಸಿ ತೋಡಿಕೊಂಡು ಬರದಂತೆ ಕಲ್ಲು ಜಡಿದು ಗಾರೆ ಹಾಕಿದ್ದ. ಹೆಂಚಿನ ಕೆಳಗೆ ಸೀಳಿದ ಬಿದಿರನ್ನು ಬೆರಳು ತೂರದಷ್ಟು ಒತ್ತಾಗಿ ಕಟ್ಟಿದ್ದ; ಹಾವು ಕೂಡ ಇಳಿಯುವಂತಿರಲಿಲ್ಲ. ಬೆಳಕಿಂಡಿಗೆ ಬಿದಿರಿನ ಸರಳುಗಳನ್ನು ಉದ್ದಕ್ಕೇ ನಿಲ್ಲಿಸಿದ್ದ. ಅಡ್ಡ ಕಟ್ಟಿದರೆ ಹಕ್ಕಿ ಬಡಿದುಕೊಂಡಾಗ ಬಾಲದ ಗರಿ ಮುರಿಯುತ್ತದಂತೆ. ಒಂದು ಬಾಗಿಲು ತೆಗೆದಾಗ ಹಾರಿಹೋಗದಿರಲಿ ಎಂದು ಎರಡನೆಯ ಬಾಗಿಲು. ಹೊರಗಿನದನ್ನು ಮುಚ್ಚಿ ತಾಪಾಳು ಹಾಕಿದ ಮೇಲೇ ಒಳಗಿನದನ್ನು ತೆಗೆಯಬೇಕು. ತಾಪಾಳು ಎಂದರೆ ಅಗುಳಿ. ತಾಳವಾಡಿಯ ಆಚಾರಿ ಅದನ್ನು ಅದರ ತಮಿಳು ಹೆಸರಿನ ಸಮೇತ ತಂದು ಹೊಡೆದಿದ್ದ. ನೆಲಕ್ಕೆ ಹಳ್ಳದಿಂದ ಜರಡಿ ಹಿಡಿದು ತಂದ ಮರಳು. ತಾನು ಮಲಗುವ ಕಡೆ ಹೆಂಚು ಸೋರಿದರೆ ಚೊಂಬು ಇಟ್ಟು ಸುಮ್ಮನಾಗುವ ಮನುಷ್ಯ ಅವನು.

ಹೊಸ ಬಾಗಿಲಿನ ಹಲಗೆ ಎಲ್ಲೋ ನೋಡಿದಂತಿದೆಯಲ್ಲ ಎಂದು ಕೈ ಆಡಿಸಿದೆ. ಬಾಣಂತಿ ಮಂಚ! ಅಜ್ಜಿ ಮಲಗಿದ್ದು, ಅವ್ವ ನನ್ನನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದು. ಅಡಿಗೆ ಕೆಂಡದ ಮಡಕೆ ಇಡುವಂತೆ ಎತ್ತರಕ್ಕೆ ಮಾಡಿಸಿದ್ದ ಮತ್ತಿಮರದ ಮಂಚ. ಹಲಗೆ ಬಾಗಿಲಾಗಿತ್ತು. ಮಂಚದ ಒಂದು ಕಾಲು ಗಿಡುಗ ಕೂರುವ ಅಡ್ಡಗೋಲಾಗಿತ್ತು, ಹಕ್ಕಿಗೆ ಕಾಲು ನೋಯದಿರಲೆಂದು ಮೆತ್ತನೆಯ ಬಟ್ಟೆ ಸುತ್ತಿದ್ದ. ಆ ಬಟ್ಟೆಯೂ ಅವ್ವ ಕೂಸಿಗೆಂದು ಒಗೆದು ಮಡಿಸಿಟ್ಟಿದ್ದ ಹಳೆಯ ಸೀರೆಯದೇ.

ಒಳಗೆ ಇಣುಕಿದವಳು ಮರುಗಳಿಗೆಯೇ ಹೊರಗೆ ಓಡಿ ಬಾಳೆಯ ಬುಡದಲ್ಲಿ ವಾಂತಿ ಮಾಡಿಕೊಂಡೆ. ಪಾರಿವಾಳದಷ್ಟು ದೊಡ್ಡ ಹಕ್ಕಿ, ಅಷ್ಟೇ. ಅದರ ರೆಪ್ಪೆಗಳಿಗೆ ನೂಲು ಪೋಣಿಸಿ ನೆತ್ತಿಯ ಮೇಲೆ ಗಂಟು ಹಾಕಿದ್ದರು. ಮನುಷ್ಯರಿಗೆ ಒಗ್ಗುವವರೆಗೆ ಕಣ್ಣು ಕಾಣಬಾರದಂತೆ. ದಿನಕ್ಕಿಷ್ಟು ನೂಲು ಸಡಿಲಿಸುತ್ತಾ ಹೋಗಬೇಕಂತೆ. ಅದು ಕುರುಡಾಗಿ ಕೂತು, ಅಪ್ಪ ಬಾಯಿಗೆ ಹಿಡಿದ ಇಲಿಯ ಕರುಳನ್ನು ಎಳೆದೆಳೆದು ನುಂಗುತ್ತಿತ್ತು. ಕರುಳು ಹಿಗ್ಗಿ ಪಟ್ಟನೆ ಬಿಟ್ಟುಕೊಂಡಾಗ ಅಪ್ಪನ ಮೀಸೆಗೆ ಸಿಡಿಯಿತು. ಅಪ್ಪ ನಕ್ಕ. ಗಿಡುಗ ಬಾಲ ಎತ್ತಿ ಗೋಡೆಗೆ ಹಿಕ್ಕೆ ಹಾರಿಸಿತು. ಕೆಳಗೆ ಹಾಕುವ ಜಾತಿಯಲ್ಲ ಅದು, ಚಿಮ್ಮಿಸುವ ಜಾತಿ. ಹೆತ್ತವಳು ಕಣ್ಣು ಬಿಟ್ಟರೆ ಕಾಣಲಿ ಎಂದು ಕೆಮ್ಮಣ್ಣು ಸಾರಿಸುತ್ತಿದ್ದ ಗೋಡೆ ಮೊಣಕಾಲೆತ್ತರದವರೆಗೆ ಬೆಳ್ಳಗೆ ಗೀಚಿಹೋಗಿತ್ತು.

ಇನ್ನೂ ಹೇಸಿಗೆ ಬೆಳಗಿನ ಹೊತ್ತಿನದು. ತಿಂದದ್ದರಲ್ಲಿ ಅರಗದ ಕೂದಲು, ಪುಕ್ಕ, ಎಲುಬಿನ ಚೂರು ಎಲ್ಲವನ್ನೂ ಅದು ಉಂಡೆ ಕಟ್ಟಿ ಕಕ್ಕುತ್ತಿತ್ತು. ಆ ಉಂಡೆ ಬಿತ್ತೋ ಇಲ್ಲವೋ ಎಂಬುದೇ ಅಪ್ಪನ ದಿನದ ಮೊದಲ ಚಿಂತೆ. ನಾನು ಅಂಬಲಿ ಕುಡಿಯಲು ಕೂತಿರುತ್ತಿದ್ದೆ. ಅವನು ಅದನ್ನು ಎಲೆಯ ಮೇಲೆ ತಂದು ಬೆಳಕಿಗೆ ಹಿಡಿದು ಬಿಡಿಸಿ, ಮೂಸಿ, "ಒಳ್ಳೇದಾಗಿ ಅದ, ಇವತ್ತು ಒಟ್ಟೆ ಸರಿಯಾಗಿ ಅದ" ಎಂದು ಅವ್ವನಿಗೆ ತೋರಿಸುತ್ತಿದ್ದ. ನನ್ನ ಹೊಟ್ಟೆ ಹೇಗಿದೆ ಎಂದು ಯಾರೂ ಕೇಳಲಿಲ್ಲ. ಅಂಬಲಿಯ ಚೊಂಬನ್ನು ಹಾಗೇ ಇಟ್ಟು ಎದ್ದುಹೋಗುತ್ತಿದ್ದೆ.

ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ. ನಮ್ಮಪ್ಪ ನಿಜವಾಗಿಯೂ ಬದು ಅಗೆದು ಇಲಿ ಹಿಡಿಯುತ್ತಿದ್ದ. ಇಲಿ ಸಿಗದ ದಿನ ಓತಿಕ್ಯಾತ, ಓತಿ ಸಿಗದ ದಿನ ಕೋಳಿಮರಿ. ಆ ಮರಿಗಳನ್ನು ಅವ್ವ ಸಾಕಿದ್ದು ನನ್ನ ಬಾಣಂತನದ ಸಾರಿಗೆ, ಬೆಳ್ಳುಳ್ಳಿ ಮೆಣಸು ಅರೆದು ಹಾಕಿ ಸೊಂಟಕ್ಕೆ ಬಲ ಬರಲೆಂದು. ಅಪ್ಪನಿಗೆ ಕೈಯಾರೆ ಮರಿ ಕೊಲ್ಲಲು ಮನಸ್ಸು ಬಾರದು. ಗಿಡುಗಕ್ಕೆ ರಕ್ತ ಕುಡಿಸುವ ಗಂಡಸು, ಕೋಳಿಮರಿಯ ಮುಂದೆ ಕರುಣಾಳು. ಅವ್ವ ಸೊಲ್ಲೆತ್ತದೆ ಕುತ್ತಿಗೆ ಹಿಚುಕಿ ಕೊಡುತ್ತಿದ್ದಳು.

ಕೆಲವು ದಿನ ಕಳೆದ ಮೇಲೆ ನೇರವಾಗಿಯೇ ಕೇಳಿದೆ. "ಅಪ್ಪಾ, ನಾ ಎಲ್ಲಿ ಮನಗಾದು?"

ಅವನಿಗೆ ಅದು ಹೊಸ ಪ್ರಶ್ನೆ. ತಲೆ ಕೆರೆದುಕೊಂಡ. "ಕೊಟ್ಗ ಪಕ್ಕದ ಮಾಡು ಇಲ್ವ? ಅಲ್ಲೊಂದು ತಟ್ಟಿ ಕಟ್ಕೊಡ್ತೀನಿ. ಬೆಚ್ಚಗಿರ್ತದ."

"ಮಳ ಬತ್ತಾ ಅದ. ಚಿರತ ಕೊಟ್ಗ ತಕ ಬಂದು ಓಯ್ತು ಅಂತ ನೀನೇ ಅಂದಲ್ಲಾ."

"ನಾಯಿ ಅದ ಕಣವ್ವಾ," ಅಂದ. ಮತ್ತೆ ನನಗೆ ತಿಳಿಯಹೇಳುವಂತೆ, "ನೀನು ಮನುಸ್ಯಳು, ಎಲ್ಲಿದ್ರೂ ಒಗ್ಗತದ. ಅದು ಕಾಡಿನ ಜೀವ. ಜಾಗ ಬದಲಾಯ್ಸುದ್ರ ತಿನ್ನಾದ ಬುಡ್ತದ" ಅಂದ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ನಮ್ಮಲ್ಲಿದೆ. ಕುಲಕ್ಕೆ ಹೊರಗಾದರೆ ಆಗಲಿ, ಹಕ್ಕಿಗಿಂತಲೂ ಹೊರಗು ಎಂದು ಯಾವ ಗಾದೆಯೂ ಹೇಳುವುದಿಲ್ಲ. ಅಪ್ಪ ಕೊಟ್ಟ ಮಾತಿನಂತೆ ತಟ್ಟಿ ಕಟ್ಟಿದ. ಗಿಡುಗದ ಮನೆಗೆ ಮಿಕ್ಕಿದ ಬಿದಿರಿನಲ್ಲಿ, ಎತ್ತು ಬಿಚ್ಚಿ ಬಂದವನು ಕತ್ತಲಾಗುವುದರೊಳಗೆ ಮುಗಿಸಿದ. ಸಂದಿಗಳು ಎಷ್ಟು ಅಗಲವಿದ್ದವೆಂದರೆ ಅವನು ಹೇಳಿದ ನಾಯಿಯೇ ತಲೆ ತೂರಿಸಿ ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು. ಗಂಡನಿಗೆ ಹೇಳಿಕಳಿಸಿ ವಾಪಸು ಹೋಗಿಬಿಡೋಣವೆಂದರೆ ಚೊಚ್ಚಲು ಹೆರಿಗೆ ಗಂಡನ ಮನೆಯಲ್ಲಾಯಿತೆಂದು ಎರಡೂ ಊರು ಬಾಯಿಗೆ ಬಂದದ್ದು ಆಡುತ್ತಿದ್ದವು. ಆ ನಾಚಿಕೆಯನ್ನು ಅವ್ವನ ತಲೆಗೆ ಕಟ್ಟಲು ನನಗೆ ಮನಸ್ಸಾಗಲಿಲ್ಲ. ಹೊಟ್ಟೆ ಕೆಳಗಿಳಿಯುತ್ತಿತ್ತು, ಮೋಡ ಕವಿಯುತ್ತಿತ್ತು, ನಾನು ದಿನವೂ ಆ ತಟ್ಟಿಯನ್ನು ನೋಡುತ್ತಾ ಸತ್ತವಳ ಕಟಕಟಿಸುವ ಹಲ್ಲನ್ನು ನೆನೆಯುತ್ತಿದ್ದೆ. ಹೆದರಿಕೆಗಿಂತ ಹೆಚ್ಚಾಗಿ ಅಸಹ್ಯವಾಗುತ್ತಿತ್ತು, ಅಪ್ಪನ ಮುಖ ನೋಡಿದರೆ ಅಸಹ್ಯ.

ಗಿಡುಗ ಪಳಗಿತು. ರೆಪ್ಪೆಯ ನೂಲು ತೆಗೆದ ಮೇಲೆ ಅದರ ಕಣ್ಣು ಕಂಡೆ. ಅರಿಶಿನ ಬಣ್ಣದ, ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಕಣ್ಣು. ಒಂದು ಬೆಳಗ್ಗೆ ಅಪ್ಪ ಜೋಳದ ಹೊಲದ ಬದುವಿನಲ್ಲಿ ನಿಂತು ಅದನ್ನು ಬಿಟ್ಟ. ಜಗಲಿಯ ಗಂಡಸರೆಲ್ಲ ರಾಜ್ಯದ ಮಾತು ಬಿಟ್ಟು ಬಂದು ನಿಂತಿದ್ದರು. ಗಿಣಿಗಳು ಕಿರುಚಿಕೊಂಡು ಎದ್ದವು. ಗಿಡುಗ ಗಿಣಿಗಳ ತಂಟೆಗೇ ಹೋಗದೆ ಪೊದೆಯಿಂದ ಒಂದು ಲಾವುಗೆ ಹಕ್ಕಿಯನ್ನು ಎತ್ತಿಕೊಂಡು ಅಪ್ಪನ ಕೈಗೆ ಬಂತು. ಗಂಡಸರು ಭೇಷ್ ಎಂದರು. ಲಾವುಗೆಯನ್ನು ಅದೇ ತಿಂದಿತು.

ಆ ದಿನ ಅಪ್ಪ ನನ್ನ ಪಕ್ಕದಲ್ಲಿ ಬಂದು ಕೂತು ಒಂದು ಮಾತು ಹೇಳಿದ. "ಕಾಡಿಂದ ಬಂದದ್ದೆಲ್ಲ ನಮ್ಮದ್ನ ತಿಂದು ಓಯ್ತವ ಕಣವ್ವಾ. ಉಟ್ಟಿದಾಗ್ಲಿಂದ ಅದನ್ನೇ ನೋಡಿವ್ನಿ. ಇದೊಂದೇ ನಾ ಕರುದ್ರ ವಾಪಸ್ ಬರಾದು." ಅವನ ಕಣ್ಣು ಒದ್ದೆಯಾಗಿತ್ತು. ಆನೆ ತುಳಿದ ರಾಗಿಯ ಮುಂದೆ ಅವನು ನಿಂತಿದ್ದನ್ನು ಎಷ್ಟೋ ಸಲ ನೋಡಿದವಳು ನಾನು. ಆ ಮಾತು ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಕರೆದರೆ ಬರುವವಳು ನಾನೂ ಒಬ್ಬಳಿದ್ದೆ, ಬಂದು ಪಕ್ಕದಲ್ಲೇ ಕೂತಿದ್ದೆ. ಅದು ಅವನ ಲೆಕ್ಕದಲ್ಲಿರಲಿಲ್ಲ.

ನೋವು ಎದ್ದದ್ದು ಒಂದು ಮಧ್ಯಾಹ್ನ, ಅಡ್ಡಮಳೆ ಹೊಡೆಯುತ್ತಿದ್ದಾಗ. ಅವ್ವ ನನ್ನನ್ನು ಮಾಡಿಗೆ ಕರೆದುಕೊಂಡು ಹೋದಳು. ತಟ್ಟಿಯ ಸಂದಿಯಿಂದ ಎರಚಲು ಹೊಡೆದು ಹಾಸಿದ ಹುಲ್ಲು ತೊಪ್ಪೆಯಾಗಿತ್ತು. ಕೊಟ್ಟಿಗೆಯ ಗಂಜಳ ಹರಿದು ಬಂದು ಮೂಲೆಯಲ್ಲಿ ನಿಂತಿತ್ತು. ಸೂಲಗಿತ್ತಿ ಅಜ್ಜಿ ತಲೆಗೆ ಗೋಣಿಯ ಗೊಪ್ಪೆ ಹಾಕಿಕೊಂಡು ಓಡಿಬಂದವಳು ಒಳಗೆ ಕಾಲಿಡದೆ ನಿಂತುಬಿಟ್ಟಳು.

"ಇದೇನವ್ವಾ ಇದು? ಇಲ್ಲಿ ಎಮ್ಮನೂ ಕರ ಆಕಲ್ಲ. ಬಾಣಂತಿ ಕ್ವಾಣೆ ಏನಾಯ್ತು?"

ಅವ್ವ ತಲೆ ತಗ್ಗಿಸಿದಳು. ನಾನು ಗೋಡೆ ಹಿಡಿದುಕೊಂಡು ಎದ್ದು, ಮಳೆಯಲ್ಲೇ ಹಿತ್ತಲು ದಾಟಿ, ಆ ಎರಡು ಬಾಗಿಲುಗಳ ಮುಂದೆ ಹೋಗಿ ನಿಂತೆ. ಮುಂದಿನ ನೋವು ಅಲ್ಲೇ ಹಿಡಿಯಿತು. ಮಂಚದ ಹಲಗೆಗೆ ಹಣೆ ಒತ್ತಿಕೊಂಡು ತಡೆದುಕೊಂಡೆ. ಅಪ್ಪ ಎಲ್ಲಿಂದಲೋ ಬಂದು ಬಾಗಿಲಿಗೂ ನನಗೂ ನಡುವೆ ಕೈ ಅಡ್ಡ ಹಿಡಿದ.

"ಬ್ಯಾಡ ಕಣವ್ವಾ. ಇಲ್ಲಿ ಬ್ಯಾಡ."

"ಬಾಗ್ಲ ತಗಿ ಅಪ್ಪಾ."

"ಪುರುಡಿನ ಮೈಲಿಗ ಅದಕ ತಾಕ್ಬಾರ್ದು. ತಾಕಿದ್ರ ಮುಂದ್ಕ ಬ್ಯಾಟ ಇಡಿಯಲ್ಲ ಅದು."

ನನಗೆ ಆ ನೋವಿನಲ್ಲೂ ಕಿವಿ ಸರಿಯಾಗಿ ಕೇಳುತ್ತಿತ್ತು. ಯಾವುದಕ್ಕೆ ಮೈಲಿಗೆ? ಇಲಿಯ ಕರುಳನ್ನು ಜಗ್ಗಿ ನುಂಗುವುದಕ್ಕೆ, ತಿಂದ ಕೂದಲನ್ನು ಉಂಡೆ ಕಟ್ಟಿ ಕಕ್ಕುವುದಕ್ಕೆ, ನಾನು ಹುಟ್ಟಿದ ಕೋಣೆಯ ಗೋಡೆಗೆ ಹಿಕ್ಕೆ ಚಿಮ್ಮಿಸುವುದಕ್ಕೆ ನನ್ನಿಂದ ಮೈಲಿಗೆ! ಥೂ ಎಂದು ಉಗಿಯಬೇಕೆನ್ನಿಸಿತು, ಬಾಯಲ್ಲಿ ಉಗುಳೇ ಇರಲಿಲ್ಲ.

ಆಗ ಅವ್ವ ಬಂದಳು. ಅವಳು ಗಂಡನೆದುರು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ, ಆಗಲೂ ಎತ್ತಲಿಲ್ಲ. "ಅದ ಎತ್ಕಳಿ," ಅಂದಳು. "ನೀವು ಎತ್ಕಳ್ದೇ ಇದ್ರ ನಾ ಓಗಿ ಎತ್ಕತೀನಿ. ದಿನಾ ಕೋಳಿಮರಿ ಕುತ್ಗ ಇಚ್ಕಿ ಇಚ್ಕಿ ನನ್ ಕೈ ಪಳಗ್ಬುಟ್ಟದ."

ಅಪ್ಪ ಅವಳ ಮುಖ ನೋಡಿದ. ಆಮೇಲೆ ಅವಳ ಕೈ ನೋಡಿದ. ತಾಪಾಳು ತೆಗೆದು ಒಳಗೆ ಹೋಗಿ, ಗಿಡುಗವನ್ನು ಎದೆಗವುಚಿಕೊಂಡು, ಕಂಬಳಿ ಮುಚ್ಚಿಕೊಂಡು ಹೊರಗೆ ಬಂದ. ನಾನು ಒಳಗೆ ಹೋದೆ.

ನನ್ನ ಮಗಳು ಹುಟ್ಟಿದ್ದು ಆ ನಾತದಲ್ಲಿ. ಸೂಲಗಿತ್ತಿ ಬೈಯುತ್ತಲೇ ಮರಳನ್ನು ಪೊರಕೆಯಿಂದ ಒತ್ತರಿಸಿ, ಒಣಹುಲ್ಲು ಹಾಸಿ, ಅವ್ವನ ಸೀರೆ ಹೊದಿಸಿದಳು. ನನ್ನ ಬೆವರಿಗೆ ಎಲ್ಲಿಂದಲೋ ಸಣ್ಣ ಪುಕ್ಕಗಳು ಬಂದು ಅಂಟುತ್ತಿದ್ದವು, ಕುತ್ತಿಗೆಗೆ, ತುಟಿಗೆ. ಉಸಿರು ಎಳೆದುಕೊಂಡಾಗೆಲ್ಲ ಹಳಸಿದ ರಕ್ತದ ವಾಸನೆ ಒಳಗಿಳಿಯುತ್ತಿತ್ತು, ಅದು ನನ್ನದೋ ಇಲಿಗಳದೋ ತಿಳಿಯುತ್ತಿರಲಿಲ್ಲ. ಒಂದು ಮಾತ್ರ ನಿಜ. ಗಾಳಿ ಬರಲಿಲ್ಲ, ಒಂದು ಹನಿ ಸೋರಲಿಲ್ಲ. ಅಪ್ಪ ಚೆನ್ನಾಗಿ ಕಟ್ಟಿದ್ದ.

ಕೂಸು ಅತ್ತದ್ದು ಹೊರಗೆ ಕೇಳಿತು. ಅಪ್ಪ ಗಿಡುಗದ ಸಮೇತ ಬೆಳಕಿಂಡಿಯ ಆಚೆ, ಸೂರಿನ ಅಡಿಯಲ್ಲಿ ನಿಂತಿದ್ದ. "ಆಯ್ತಾ?" ಎಂದು ಕೇಳಿದ.

"ಆಯ್ತು," ಅಂದಳು ಅವ್ವ. "ಎಣ್ಣು. ಇಬ್ರೂ ಚೆಂದಾಗವ್ರ."

ಆಮೇಲೆ ಅಪ್ಪ ಕೇಳಿದ, "ಅಂಗಾದ್ರ ಇದ ಯಾವಾಗ ಒಳಕ ಬುಡಾದು?"

ಸೂಲಗಿತ್ತಿ ನಕ್ಕಳು. ಅವ್ವ ನಗಲಿಲ್ಲ. ಕೈಗೆ ಸಿಕ್ಕಿದ ಬಟ್ಟೆಯೊಂದನ್ನು ಉಂಡೆ ಮಾಡಿ ಬೆಳಕಿಂಡಿಯ ಸರಳುಗಳ ನಡುವೆ ತುರುಕಿದಳು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಅವನು ಕೂಸನ್ನು ಕೇಳಲಿಲ್ಲ ಎಂದು ಅಳು ಬರಲಿಲ್ಲ. ತುಟಿಗೆ ಅಂಟಿದ್ದ ಪುಕ್ಕವನ್ನು ಕಿತ್ತು ಎಸೆದೆ, ಅಷ್ಟೇ.

ಗಿಡುಗ ಮಾಡಿಗೆ ಹೋಯಿತು. ನನಗೆಂದು ಕಟ್ಟಿದ ತಟ್ಟಿಯ ಸಂದಿಗಳನ್ನೆಲ್ಲ ಅಪ್ಪ ಆ ಸಂಜೆಯೇ ಮುಚ್ಚಿದನೆಂದು ಸೂಲಗಿತ್ತಿ ಹೇಳಿದಳು. ಮಣ್ಣು ಮೆತ್ತಿ, ಹೊರಗೆ ಮುಳ್ಳು ಹೊರಿಸಿ, ನೆಲದ ಗಂಜಳಕ್ಕೆ ಕಾಲುವೆ ತೋಡಿ, ತಾನೂ ಕಂಬಳಿ ಹೊದ್ದು ಅಲ್ಲೇ ಮಲಗಿದನಂತೆ. ನನಗೆ ಬೆಚ್ಚಗಿರುತ್ತದೆ ಎಂದವನು ಸುಳ್ಳು ಹೇಳಿರಲಿಲ್ಲ. ಮನಸ್ಸು ಮಾಡಿದ್ದರೆ ಒಂದು ಸಂಜೆಯ ಕೆಲಸ.

ಪುರುಡು ಕಳೆದ ದಿನ ಮನೆ ಸಾರಿಸಿ, ನನಗೂ ಕೂಸಿಗೂ ಎಣ್ಣೆನೀರು ಹಾಕಿದರು. ಗೋಡೆಗೆ ಅವ್ವ ಹೊಸ ಕೆಮ್ಮಣ್ಣು ಬಳಿದಳು. ಅಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಒಗೆದ ಪಂಚೆ ಉಟ್ಟು ಬಾಗಿಲಲ್ಲಿ ಬಂದು ನಿಂತ. ಬಾಗಿಲು ದಾಟಲು ಅವನಿಗೆ ಸಂಕೋಚವಾಗುತ್ತಿತ್ತು. ಕೈ ಎರಡನ್ನೂ ಮುಂದಕ್ಕೆ ಚಾಚಿದ.

"ಕೊಡವ್ವಾ, ನೋಡಾಣ. ನಮ್ಮವ್ವನಂಗೇ ಅದಂತಲ್ಲ ಕೂಸು."

"ಕೈ ತೊಳ್ಕಂಡು ಬಾ ಅಪ್ಪಾ," ಅಂದೆ.

"ಈಗ ತಾನೇ ನೀರಾಕಂಡಿವ್ನಿ ಕಣವ್ವಾ."

"ನಾತ ಅದ."

ಅವನು ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಬಚ್ಚಲಿಗೆ ಹೋದ. ಬೂದಿ ಹಾಕಿ ಉಜ್ಜುವ ಸದ್ದು, ನೀರು ಸುರಿಯುವ ಸದ್ದು, ಮತ್ತೆ ಉಜ್ಜುವ ಸದ್ದು ಗೋಡೆಯಾಚೆಯಿಂದ ಬಹಳ ಹೊತ್ತು ಕೇಳಿಸಿತು. ಹುಣಿಸೆಹಣ್ಣು ಎಲ್ಲಿದೆ ಎಂದು ಅವ್ವನನ್ನು ಕೇಳಿದ. ತಿರುಗಿ ಬಂದಾಗ ಬೆರಳುಗಳು ಕೆಂಪಗಾಗಿದ್ದವು. ಪಂಚೆಗೆ ಒರೆಸಿದರೆ ಮತ್ತೆ ಕೊಳೆಯಾದೀತೆಂದು ಒದ್ದೆ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡಿದ್ದ. ಈ ಸಲ ತಾನಾಗಿಯೇ ಬಗ್ಗಿ ನನ್ನ ಮುಖದ ಹತ್ತಿರ ತಂದ.

ಮೂಸಿ ನೋಡಿದೆ. ಬೂದಿ ಮತ್ತು ಹುಣಿಸೆಹಣ್ಣಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಇನ್ನೂ ಅದ," ಅಂದೆ.